ಅಕ್ಕೋರ ಅವ್ವನ ರೀಲು

ಬನಹಟ್ಟಿಯ ನಮ್ಮ ಮನೆಯಲ್ಲಿ ಹಳೆಯ ಕೈಮಗ್ಗ ಇದ್ದ ಹಿಂದಿನ ಕೋಣೆಗೆ ಕಿಟಕಿಯೇ ಇರಲಿಲ್ಲ. ಪವರ್‌ಲೂಮ್ ಬಂದ ಮೇಲೆ ಅತ್ತ ಹಾಯುವವರೂ ಇರಲಿಲ್ಲ. ಫೋಟೊ ರೀಲು ತೊಳೆಯಲು ಇಂಥದೇ ಬೇಕೆಂದು ಆ ಕತ್ತಲನ್ನು ಕಂಡು ಹಿಗ್ಗಿದವರು ಒಬ್ಬರೇ, ಓಣಿಯ ಮಕ್ಕಳಾದ ನಮಗೆ ಫೋಟೊ ತೆಗೆಯುವುದನ್ನು ಕಲಿಸಿದ ಅಕ್ಕೋರು.

ಅವರು ಪೋಲೆಂಡಿನವರು. ಜಮಖಂಡಿಯವರನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದರು. ಪ್ರತಿ ಭಾನುವಾರ ಬಸ್ಸು ಹಿಡಿದು ಬರುತ್ತಿದ್ದರು. ಅವರ ಊರೂ ನೇಯುವವರ ಊರಂತೆ. ನಾವು ತೆಗೆದ ಚಿತ್ರಗಳು ಅಲ್ಲಿಯ ಶಾಲೆಗೆ ಹೋಗುತ್ತಿದ್ದವು, ಅಲ್ಲಿಯ ಮಕ್ಕಳ ಚಿತ್ರಗಳು ನಮಗೆ ಬರುತ್ತಿದ್ದವು. ಅದರಲ್ಲೊಬ್ಬ ಮುದುಕಿಯ ಕೈಯಲ್ಲಿ ಲಾಳಿ ಕಂಡು ಅವ್ವ, "ಇಕಿ ನಮ್ಮಾಕೀನ ಬಿಡು" ಎಂದಿದ್ದಳು.

ಅಣೆಕಟ್ಟಿನ ಹಿನ್ನೀರು ಏರಿ ಹಳ್ಳಿಗಳು ಮುಳುಗುವ ಮೊದಲು ಅಕ್ಕೋರು ನಮ್ಮನ್ನು ಗಲಗಲಿ ಕಡೆಯ ಹೊಳೆದಂಡೆಗೂ ಕರೆದೊಯ್ದರು. ಜನ ಬಾಗಿಲು, ತೊಲೆ ಬಿಚ್ಚಿ ಗಾಡಿಗೆ ಹೇರುತ್ತಿದ್ದರು. ನಾನು ಅವಸರದಿಂದ ಕ್ಯಾಮೆರಾ ಎತ್ತಿದರೆ, "ಮೊದಲ ಮಾತಾಡ್ಸಲೇ. ಆಮ್ಯಾಲ ಫೋಟೊ" ಎಂದು ಗದರಿದರು. ನಮ್ಮ 'ಲೇ'ಯನ್ನೂ ಕಲಿತುಬಿಟ್ಟಿದ್ದರು, ಪುಣ್ಯಾತ್ಗಿತ್ತಿ.

ಒಂದು ಭಾನುವಾರ ಚೀಲದಿಂದ ಹಳೆಯ ರೀಲೊಂದನ್ನು ತೆಗೆದರು. ತೀರಿಹೋದ ತಾಯಿಯನ್ನು ಕೊನೆಯ ಸಲ ಕಂಡಾಗ ತೆಗೆದದ್ದು. ತಾಯಿಯದೆಂದು ಅವರ ಬಳಿ ಬೇರೆ ಚಿತ್ರವೇ ಇರಲಿಲ್ಲ. ಆದರೂ ತೊಳೆಯುವ ಧೈರ್ಯ ಸಾಲದೆ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. "ಇವತ್ತ ನೀ ಜೋಡಿಗಿರು, ಸಾಕು" ಎಂದರು. ಬಾಗಿಲಿಗೆ ಕೌದಿ ಕಟ್ಟಿ, ಕೆಂಪು ಬಲ್ಬನ್ನೂ ಆರಿಸಿ, ಕತ್ತಲಲ್ಲಿ ಬೆರಳಿನಿಂದಲೇ ತಡಕುತ್ತ ರೀಲು ಬಿಚ್ಚತೊಡಗಿದರು. ತೊಳೆಯದ ರೀಲಿಗೆ ಚೂರು ಬೆಳಕು ತಾಗಿದರೂ ಚಿತ್ರ ಸುಟ್ಟುಹೋದಂತೆಯೇ.

ಬೇರೆ ದಿನ ಸಂಜೆಗೆ ಮುಂಚೆಯೇ ಮುಗಿಸುತ್ತಿದ್ದೆವು. ಅಂದು ಹೊತ್ತು ಮುಳುಗಿದ್ದು ನಮಗೆ ತಿಳಿಯಲಿಲ್ಲ, ಅವ್ವನಿಗೆ ತಿಳಿಯಿತು. ನಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚಿದ ಮೇಲೆ ಮಗ್ಗಕ್ಕೂ ತೋರಿಸಬೇಕು; ನಿಂತ ಮಗ್ಗವೆಂದು ಬಿಡುವಂತಿಲ್ಲ. ಅವಳು ಕೌದಿ ಸರಿಸಿ ಹಣತೆ ಹಿಡಿದು ಒಳಗೆ ಬಂದಳು.

"ಎಂಥಾ ಕೆಲಸ ಮಾಡಿದಿ ಬೇ!" ಎಂದು ಚೀರಿದೆ. ಅಕ್ಕೋರು ರೀಲನ್ನು ಎದೆಗೆ ಅವುಚಿಕೊಂಡರು. ದೀಪವನ್ನು ಬಾಯಿಂದ ಊದಿ ಆರಿಸುವುದು ಅವ್ವನಿಂದ ಆಗದ ಮಾತು. ಸೆರಗು ಮರೆಮಾಡಿ ಹಿಂದೆ ಸರಿದಳು. ಆಮೇಲೆ ವಿಷಯ ತಿಳಿದು ಗೋಡೆಗೊರಗಿ ಕುಸಿದಳು. "ಅವರವ್ವನ ಮಾರೀನ ಸುಟ್ಟೆನಲ್ಲೋ ಶಿವನ" ಎಂದು ಹಣೆ ಬಡಿದುಕೊಂಡಳು. ನನಗಂತೂ ಅವಳ ಮೇಲೆ ಕೆಂಡದಂಥ ಸಿಟ್ಟು.

ಅಕ್ಕೋರು ಕೌದಿಯನ್ನು ಮತ್ತೆ ಬಾಗಿಲಿಗೆ ಎಳೆದು ಕಟ್ಟಿದರು. ರೀಲನ್ನು ತೊಳೆದರು. ಹೊರಸುತ್ತೆಲ್ಲ ಕಪ್ಪಾಗಿತ್ತು, ಒಳಗೆಲ್ಲೋ ಒಂದೇ ಒಂದು ಚಿತ್ರ ಅರ್ಧ ಉಳಿದಿತ್ತು. ಮುಂದಿನ ಭಾನುವಾರ ಅದನ್ನು ಕಾಗದಕ್ಕೆ ಇಳಿಸುವಾಗ, ಒಲ್ಲೆ ಒಲ್ಲೆ ಎಂದರೂ ಬಿಡದೆ ಅವ್ವನ ಕೈಹಿಡಿದು ಒಳಗೆ ಕರೆತಂದರು.

ಕೆಂಪು ಬೆಳಕಿನಲ್ಲಿ ಬಿಳಿ ಕಾಗದ ತಟ್ಟೆಯಲ್ಲಿದ್ದ ಔಷಧದ ನೀರಿಗೆ ಇಳಿಯಿತು. ಒಂದು ಬದಿ ಬಿಳಿಯಾಗಿಯೇ ಉಳಿಯಿತು. ಅದು ನಮ್ಮ ಹಣತೆ ತಾಗಿದ ಬದಿ; ರೀಲಿನಲ್ಲಿ ಕಪ್ಪಾದದ್ದು ಕಾಗದದಲ್ಲಿ ಬಿಳಿ. ಇನ್ನೊಂದು ಬದಿಯಲ್ಲಿ ಮೊದಲು ತಲೆವಸ್ತ್ರ, ಆಮೇಲೆ ಹುಬ್ಬು, ಆಮೇಲೆ ಒಂದು ಕಣ್ಣು. ಚಿತ್ರ ಮೂಡುವುದನ್ನು ಎಷ್ಟೋ ಸಲ ನೋಡಿದ್ದೆ. ಅಂದಿನದು ಬೇರೆ. ಎಲ್ಲೋ ಸತ್ತ ತಾಯಿ ನಮ್ಮ ಮನೆಯ ತಟ್ಟೆಯಲ್ಲಿ ಕಣ್ಣು ಬಿಡುತ್ತಿದ್ದಳು.

ಅವ್ವ ತಲೆಯ ಮೇಲೆ ಸೆರಗು ಹೊದ್ದಳು. ತಟ್ಟೆಯ ಮೇಲೆ ಬಾಗಿ, ಬೀಗತಿಯನ್ನು ಬರಮಾಡಿಕೊಳ್ಳುವ ದನಿಯಲ್ಲೇ ಹೇಳಿದಳು: "ಬಂದ್ರ್ಯಾ ಅವ್ವಾರ? ಬರ್ರಿ. ಭಾಳ ದೂರಿಂದ ಬಂದೀರಿ. ನಿಮ್ಮ ಮಗಳು ಇಲ್ಲಿ ನಮ್ಮ ಕೂಡ ಆರಾಮ ಅದಾಳ."

ಅಕ್ಕೋರು ಅವ್ವನ ಹೆಗಲಿಗೆ ಮುಖವಿಟ್ಟು, ತಮ್ಮ ಭಾಷೆಯಲ್ಲಿ ಏನೇನೋ ಹೇಳುತ್ತ ಅತ್ತರು. ಅವ್ವ ಹೂಂ, ಹೂಂ ಎನ್ನುತ್ತಲೇ ಇದ್ದಳು.