ಹೋರಿಗರು ಕುಡಿದ ಫಾರಿನ್ ಹಾಲು

ಕಳೆದ ಭಾನುವಾರ ಪಾಂಡವಪುರದಲ್ಲಿ ಜನ ನನ್ನ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟು ಚಪ್ಪಾಳೆ ಹೊಡೆದರು. ನಾನು ಕಳ್ಳ ಎಂದು ನಾನೇ ಹೇಳಿ ಮುಗಿಸಿದ ಮೇಲೆ!

ತಮಾಷೆಯಲ್ಲ, ನಡೆದದ್ದು.

ಆಫ್ರಿಕಾದ ಕಡೆ ಯುದ್ಧ, ಬರ ಎರಡೂ ಒಟ್ಟಿಗೆ ಬಂದಿವೆ. ಅಲ್ಲಿನ ಮಕ್ಕಳನ್ನು ಟಿವಿಯಲ್ಲಿ ನೀವೂ ನೋಡಿರುತ್ತೀರಿ. (ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅದು ಬಂದರೆ ಟಿವಿ ಆಫ್ ಮಾಡುತ್ತೇವೆ. ಕೈ ತೊಳೆದ ಮೇಲೆ ‘ಅಯ್ಯೋ ಪಾಪ’ ಎನ್ನುತ್ತೇವೆ.) ಆ ಮಕ್ಕಳಿಗಾಗಿ ನಮ್ಮಲ್ಲೂ ಒಂದು ಕಮಿಟಿ ಆಯಿತು. ಹಾಲಿನ ಪುಡಿ, ಬಿಸ್ಕತ್ತು, ಬಟ್ಟೆ ಕೂಡಿಹಾಕಿ ಲಾರಿಯಲ್ಲಿ ಮೈಸೂರಿಗೆ ಕಳಿಸುವುದು. ಅಲ್ಲಿಂದ ಮುಂದೆ ಬಂದರಿಗೆ ಸಾಗಿಸಿ ಹಡಗು ಹತ್ತಿಸುವುದು ದೊಡ್ಡವರ ಕೆಲಸ. ಅಧ್ಯಕ್ಷರು ಆಲೆಮನೆ ಸ್ವಾಮಿಗೌಡರು.

ಭಾನುವಾರದ ಸಭೆಗೆ ಕ್ಯಾತನಹಳ್ಳಿಯ ಅಜ್ಜಿಯೊಬ್ಬರು ಸೆರಗಿನಲ್ಲಿ ಬೆಲ್ಲದ ಅಚ್ಚು ಕಟ್ಟಿಕೊಂಡು ಬಂದಿದ್ದರು. ಒಬ್ಬ ಮಾತ್ರ ಉಣ್ಣೆಯ ಸ್ವೆಟರು ತಂದಿದ್ದ.

“ಲೇ, ಅಲ್ಲಿ ಬಿಸ್ಲು ಸುಡ್ತದಂತೆ. ಆ ಐಕ್ಳಿಗೆ ಸ್ವೆಟ್ರು ಯಾಕ್ಲಾ?” ಎಂದರು ಗೌಡರು.

“ತೂತು ಅವೆ ಬುಡಿ ಗೌಡ್ರೆ, ಗಾಳಿ ಆಡ್ತದೆ.”

ಇದನ್ನೆಲ್ಲ ಲಾರಿ ಬರುವತನಕ ಒಂದು ಕೋಣೆಯಲ್ಲಿಟ್ಟು ಕಾಯಬೇಕಲ್ಲ? ಬೀಗದ ಕೈ ಯಾರ ಹತ್ತಿರ? ಗೌಡರು ನನ್ನತ್ತ ಬೆರಳು ಮಾಡಿದರು. “ನಮ್ ಮೇಷ್ಟ್ರು ಅವ್ರಲ್ಲ! ಇಸ್ಕೂಲಲ್ಲಿ ಆಲಿನ ಪುಡಿ ಉಸ್ತುವಾರಿ ನೋಡ್ಕಂಡಿದ್ದೋರು. ಅನುಭವ ಅಂದ್ರೆ ಅವ್ರುದ್ದು.”

ಅನುಭವ!

ನಿಮ್ಮಲ್ಲಿ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಕಾಲದಲ್ಲಿ ಟಿವಿಯೊಳಗಿನ ಆ ಮಕ್ಕಳು ನಾವೇ. (ಟಿವಿ ಇರಲಿಲ್ಲ, ಅಷ್ಟೇ.) ನಮ್ಮ ಶಾಲೆಗಳಿಗೆ ಹೊರದೇಶದಿಂದ ಹಾಲಿನ ಪುಡಿ ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಹಳ್ಳಿ ಶಾಲೆಗೆ ಮೇಷ್ಟ್ರಾಗಿದ್ದ ನಾನೇ ಅದರ ಉಸ್ತುವಾರಿ. ದಿನಾ ಬೆಳಿಗ್ಗೆ ಬಿಸಿನೀರಿಗೆ ಕಲಸಿ ಮಗುವಿಗೊಂದು ಲೋಟ ಕೊಡಬೇಕು.

ಆ ವರ್ಷ ನನ್ನ ಕೊಟ್ಟಿಗೆಯಲ್ಲಿ ಒಂದು ಹೋರಿಗರುವಿತ್ತು. ನಮ್ಮ ಸೀಮೆಯವರ ಹುಚ್ಚು ನಿಮಗೆ ಗೊತ್ತಲ್ಲ? ಹೆಂಡತಿಯ ಸೀರೆ ಹರಿದರೂ ನಡೆದೀತು, ಹೋರಿಯ ಮೈ ಮಾತ್ರ ಮಿಂಚಬೇಕು. ಉಳ್ಳವರು ತಮ್ಮ ಕರುಗಳಿಗೆ ಹಾಲು ಕುಡಿಸಿ ಬೆಣ್ಣೆ ತಿನ್ನಿಸುತ್ತಿದ್ದರು. ನನ್ನದು ಮೇಷ್ಟ್ರ ಸಂಬಳ. ಸಂಜೆ ಶಾಲೆಯಿಂದ ಹೊರಡುವಾಗ ಮಡಿಸಿದ ಛತ್ರಿಯೊಳಗೆ ಒಂದು ಪುಡಿ ಪೊಟ್ಟಣ ಇಳಿಬಿಡುತ್ತಿದ್ದೆ. ಮನೆಯಲ್ಲಿ ಕಲಸಿ, ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟಕ್ಕೆ ತುಂಬಿ, ಕರುವಿನ ಬಾಯಿಗೆ ಇಡುತ್ತಿದ್ದೆ. ಕರು ಕನ್ನಡಿಯಂತಾಯಿತು. ಕೆ.ಆರ್.ಪೇಟೆಯಿಂದಲೂ ಜನ ನೋಡಲು ಬಂದರು. “ಏನ್ ಆಕ್ತೀರಿ ಮೇಷ್ಟ್ರೇ?” ಎಂದರೆ, “ಹುರುಳಿ” ಎನ್ನುತ್ತಿದ್ದೆ.

ಮಕ್ಕಳ ಪಾಲಿಗೆ ನೀರು ಜಾಸ್ತಿಯಾಯಿತು. “ಸಾ, ಆಲು ನೀಲಿಗದೆ” ಎಂದವು. “ಫಾರಿನ್ ಹಾಲು ಹಾಗೇ ಇರುತ್ತೆ, ಕುಡೀರಿ” ಎಂದೆ.

ಇಷ್ಟನ್ನೂ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ವಯಸ್ಸಾಯಿತು, ಇನ್ನೆಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಳ್ಳಲಿ? ಬೈಗುಳಕ್ಕೆ ತಯಾರಾಗಿದ್ದೆ. ಬಂದದ್ದು ನಗು! ನೀಲಿ ಹಾಲಿನ ಮಾತಿಗೆ ಬೆಲ್ಲದ ಅಜ್ಜಿಯೂ ಬಾಯಿಗೆ ಸೆರಗು ಇಟ್ಟುಕೊಂಡರು. ಗೌಡರು ಕಣ್ಣೊರೆಸಿಕೊಂಡು, “ಇಂಗೆ ಒಪ್ಕಳಾಕೂ ಎದೆ ಬೇಕು ಕಣ್ರಪ್ಪ. ಕದ್ದೋರಿಗೇ ಕದಿಯೋ ದಾರಿ ಗೊತ್ತು. ಕೀ ಅವ್ರ ತಾವೇ ಇರ್ಲಿ” ಎಂದರು. ಚಪ್ಪಾಳೆ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಇಷ್ಟು ಸಲೀಸೇ ಪಾಪ ಕಳೆಯುವುದು?

ಮೆಟ್ಟಿಲು ಇಳಿಯುವಾಗ ಹೆಂಗಸೊಬ್ಬಳು ಅಡ್ಡ ನಿಂತಳು. ಕಿರಂಗೂರಿನ ಕಡೆಯ ಅಂಗನವಾಡಿ ಟೀಚರು, ಬಿಸ್ಕತ್ತು ಕೊಡಲು ಬಂದವಳು.

“ನಾನು ಜಯಮ್ಮ ಮೇಷ್ಟ್ರೇ. ನಿಮ್ ತಾವ ಮೂರ್ನೇ ಕ್ಲಾಸು ಓದ್ದೋಳು. ಕರುವಿನ್ ಕತೆ ಚೆಂದಾಗಿ ಯೋಳುದ್ರಿ, ನಾನೂ ನಕ್ಕೆ. ನನ್ ಚೊಂಬಿನ ಕತೆ ಯಾಕ್ ಬುಟ್ರಿ?”

“ಯಾವ ಚೊಂಬಮ್ಮ? ಮರೆತುಹೋಗಿದೆ” ಎಂದೆ.

ಮರೆತಿರಲಿಲ್ಲ. ಆ ಹುಡುಗಿ ಎರಡು ಗುಟುಕು ಕುಡಿದು, ಉಳಿದ ಹಾಲನ್ನು ಒಂದು ಪುಟ್ಟ ಚೊಂಬಿಗೆ ಬಗ್ಗಿಸಿ ಲಂಗದ ಮರೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮನೆಯಲ್ಲಿ ಎರಡು ವರ್ಷದ ತಮ್ಮನಿದ್ದ. ಹಾಲನ್ನು ಶಾಲೆಯಲ್ಲೇ ಕುಡಿಯಬೇಕು, ಮನೆಗೆ ಒಯ್ಯಬಾರದು ಎಂಬುದು ರೂಲ್ಸು. ಒಂದು ದಿನ ಚೊಂಬು ಕಿತ್ತುಕೊಂಡು ಹಾಲನ್ನು ಪಾತ್ರೆಗೆ ಸುರಿದೆ. ಇಡೀ ಶಾಲೆಯ ಮುಂದೆ ಅವಳನ್ನು ನಿಲ್ಲಿಸಿ “ಕಳ್ಳಿ” ಎಂದೆ. ಆ ಸಂಜೆಯೂ ನನ್ನ ಛತ್ರಿಯೊಳಗೆ ಪೊಟ್ಟಣವಿತ್ತು.

ಇದನ್ನು ಸಭೆಯಲ್ಲಿ ಹೇಳಿದ್ದರೆ ಯಾರು ನಗುತ್ತಿದ್ದರು?

“ತಮ್ಮ ಹೇಗಿದ್ದಾನಮ್ಮ?” ಎಂದೆ, ಏನಾದರೂ ಕೇಳಬೇಕಲ್ಲ ಎಂದು.

“ನಾಗಮಂಗಲದ ರೂಟಲ್ಲಿ ಬಸ್ ಓಡುಸ್ತಾವ್ನೆ. ಗಂಜಿ ಕುಡ್ದೇ ಬೆಳ್ಕಂಡ. ಆಲು ಓದ್ರೆ ಓಯ್ತು ಬುಡಿ ಮೇಷ್ಟ್ರೇ. ನೀವು ಇಟ್ಟ ಎಸ್ರು ಓಗ್ಲಿಲ್ವಲ್ಲ! ಮದ್ವೆ ಆಗಿ ಊರು ಬುಡೋಗಂಟ ಎಲ್ರೂ ಆಲ್ಗಳ್ಳಿ ಅಂತ್ಲೇ ಕೂಗುದ್ರು. ಈಗ್ಲೂ ತೌರಿಗೋದ್ರೆ ಯಾರಾದ್ರೂ ಅಂತಾರೆ.”

ನಾನು ಬೀಗದ ಕೈ ತೆಗೆದು ಅವಳ ಮುಂದೆ ಹಿಡಿದೆ. ನೋಡಿ, ಎಂಥ ದೊಡ್ಡತನ!

“ಅದ್ಯಾಕೆ ನಂಗೆ? ಒಳ್ಗೆ ಜನ ಅವ್ರೆ. ನಾನು ಕಳ್ಳಿ ಅಲ್ಲ ಅಂತ ಒಂದ್ ಮಾತು ಯೋಳಿ, ಸಾಕು. ಚಪ್ಪಾಳೆ ಒಡ್ದ ಜನವೇ ಅದ್ನೂ ಕೇಳ್ಲಿ.”

ಒಳಗೆ ಇನ್ನೂ ಕುರ್ಚಿ ಮಡಿಸುತ್ತಿದ್ದರು. ಹತ್ತು ಹೆಜ್ಜೆ ಹೋದರೆ ಸಾಕಿತ್ತು.

“ಬಸ್ಸಿಗೆ ಹೊತ್ತಾಯ್ತಮ್ಮ” ಎಂದು ಹೊರಟುಬಿಟ್ಟೆ.

ಮಾರನೆಯ ದಿನ ಗೌಡರಿಗೆ ಬೀಗದ ಕೈ ಒಪ್ಪಿಸಿ ಬಂದೆ. ಕಾರಣ ಕೇಳಿದರು. ಮಂಡಿನೋವು ಎಂದೆ.

ಅದಕ್ಕೇ ಈ ವಾರದ ಅಂಕಣದಲ್ಲಿ ಇದನ್ನು ಬರೆಯುತ್ತಿದ್ದೇನೆ. ಜಯಮ್ಮ ಕಳ್ಳಿಯಲ್ಲ. ಅವಳು ತನ್ನ ಪಾಲಿನ ಹಾಲನ್ನು ತಮ್ಮನಿಗೆ ಉಳಿಸಿದವಳು. ಕಳ್ಳ ನಾನು. ಅವಳ ತೌರೂರಿನಲ್ಲಿ ಪೇಪರು ಓದುವವರು ಕಡಿಮೆ. ಓದಿದವರು ದಯವಿಟ್ಟು ಉಳಿದವರಿಗೂ ಗಟ್ಟಿಯಾಗಿ ಓದಿ ಹೇಳಿ.

ಅದು ಸರಿ, ಹತ್ತು ಹೆಜ್ಜೆ ನಡೆದು ಹೇಳಬೇಕಾದದ್ದನ್ನು ಮನೆಯಲ್ಲಿ ಕುಳಿತು ಬರೆದು, ಗಟ್ಟಿಯಾಗಿ ಓದುವ ಕೆಲಸವನ್ನೂ ನಿಮಗೇ ಹೊರಿಸುವವನನ್ನು ಏನೆಂದು ಕರೆಯುತ್ತೀರಿ?