ಗಿರಾಕಿಗೆ ಇಲ್ಲ ಎನ್ನದ ಮನೆ

ಬೂಷ್ಟು ಹಿಡಿದ ಮೆಕ್ಕೆಜೋಳದ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ, ಗಾಳಿ ಊದಿ ಬೇರೆ ಮಾಡುವ ಯಂತ್ರವೊಂದನ್ನು ನನ್ನ ಅಕ್ಕ ಹರಿಹರದ ತನ್ನ ಶೆಡ್ಡಿನಲ್ಲಿ ಕಟ್ಟಿದ್ದಳು. ಇದ್ದದ್ದು ಅದೊಂದೇ. ಎರಡನೆಯದನ್ನು ಕಟ್ಟಲು ಬಂಡವಾಳ ಹಾಕುತ್ತೇವೆಂದು ಯುರೋಪಿನ ಒಂದು ಕಂಪನಿ ಮುಂದೆ ಬಂದಿತ್ತು. ಅದು ಕೈಕೊಟ್ಟರೆ ಶೆಡ್ಡು ಬಿಟ್ಟು ಮತ್ತೆ ಯಾರದೋ ಕಾರ್ಖಾನೆಗೆ ದುಡಿಯಲು ಹೋಗುವುದೇ ಗತಿ ಎಂದು ಅಕ್ಕ ಹೇಳಿದ್ದಳು.

ಮೊದಲು ಒಂದು ಪ್ರಶ್ನಾವಳಿ ಬಂತು. ಕೃತಕ ಬುದ್ಧಿಮತ್ತೆ, ಚಿಪ್ ಇಂಥವುಗಳಲ್ಲಿ ತಮ್ಮವರು ಹೊರದೇಶದಲ್ಲಿ ಹಣ ಹೂಡುವ ಮುಂಚೆ, ಅದು ನಾಳೆ ಯಾವುದಾದರೂ ಸೈನ್ಯದ ಕೈಸೇರೀತೇ ಎಂದು ಅಲ್ಲಿನ ಸರ್ಕಾರ ನೋಡುತ್ತದಂತೆ. ಅಕ್ಕ ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಹೋಗಿದ್ದ ದಿನ ಅದನ್ನು ತುಂಬಲು ಕೂತವರು ಅವಳ ಗಂಡ, ಅಂದರೆ ನಮ್ಮ ಭಾವ, ಮತ್ತು ನಾನು. ಮಂಡಕ್ಕಿ ತಿನ್ನುತ್ತ ಎಂದು ಬರೆಯಲು ಕೈ ಹೋಗುತ್ತದೆ. ತಿಂದೆವೋ ಇಲ್ಲವೋ ನೆನಪಿಲ್ಲ.

ಭಾವ ದಾವಣಗೆರೆಯ ಕಾಳು ವ್ಯಾಪಾರಿಗಳ ಮನೆಯವರು. ಗಿರಾಕಿ ಏನು ಕೇಳಿದರೂ ‘ಐತ್ರಿ’ ಅನ್ನಬೇಕು ಎನ್ನುವುದು ಅವರ ತಾತನ ಕಾಲದ ಪಾಠ.

“ಮನುಷ್ಯರ ಮುಖ ಗುರ್ತು ಹಿಡಿತೈತಾ ಅಂತ ಕೇಳ್ಯಾರೆ,” ಎಂದೆ.

“ಕಾಳೇ ಹಿಡಿತೈತೆ, ಮುಖ ಹಿಡಿಯಲ್ವಾ? ಹೌದು ಅಂತ ಹಾಕೋ.”

“ಮಿಲಿಟ್ರಿಗೆ ಉಪಯೋಗ?”

“ಐತೆ ಅಂತ ಹಾಕು. ಬಂದ ಗಿರಾಕಿನ ಯಾಕ ಬಿಡ್ಬೇಕು?”

‘ಗಡಿ ಕಾಯಲೂ ಯೋಗ್ಯ’ ಎಂಬ ಸಾಲೂ ಸೇರಿತು. ಮನೆಯಲ್ಲಿ ಈ ಕಥೆ ಹೇಳುವಾಗಲೆಲ್ಲ ಆ ಸಾಲು ಭಾವನದು. ಟೈಪು ಮಾಡುತ್ತಿದ್ದವನು ನಾನು; ಭಾವ ಆಗ ಫೋನಿನಲ್ಲಿದ್ದರು ಎಂದು ಈಚೆಗೆ ನನಗೇ ಅನುಮಾನ.

ವಾರದೊಳಗೆ ಕಂಪನಿಯಿಂದ ಉತ್ತರ ಬಂತು: ಇಂಥ ಯಂತ್ರಕ್ಕೆ ಹಣ ಹೂಡಲು ನಮ್ಮ ಸರ್ಕಾರ ಬಿಡುವುದಿಲ್ಲ.

ಅಕ್ಕ ಓದಿ ಭಾವನತ್ತ ತಿರುಗಿದಳು. “ರೀ, ನಮ್ಮ ಮಿಷಿನ್ನು ಯಾವ ಗಡಿ ಕಾಯ್ತೈತ್ರಿ? ನಿಮ್ಮೂರ ಪಕ್ಕದ ಶಾಮನೂರು ಗಡಿನಾ?”

ಕಂಪನಿಯ ವಕೀಲೆಯನ್ನು ಹೇಗೋ ವಿಡಿಯೊ ಕರೆಗೆ ಒಪ್ಪಿಸಿ, ಅವರು ನೋಡುತ್ತಿರುವಂತೆಯೇ ಭಾವನ ಮುಖವನ್ನು ಯಂತ್ರದ ಕ್ಯಾಮೆರಾದ ಮುಂದೆ ಹಿಡಿಸಿದಳು. ಯಂತ್ರ ಅದನ್ನು ಬೂಷ್ಟು ಹಿಡಿದ ಕಾಳೆಂದು ತೀರ್ಮಾನಿಸಿ ಮೀಸೆಗೆ ರಪ್ಪನೆ ಗಾಳಿ ಊದಿತು. ವಕೀಲೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆದರೂ ತಪ್ಪು ತುಂಬಿದವರೇ ತಿದ್ದಿ ಬರೆದು ಸಹಿ ಹಾಕಿ ಕಳಿಸಬೇಕು ಎಂದರು.

ಭಾವ ಬರೆದರು: ಈ ಯಂತ್ರಕ್ಕೆ ಮುಖ ತಿಳಿಯುವುದಿಲ್ಲ.

“ಗೋಧಿನೂ ತಿಳಿಯಲ್ಲ ಅಂತ ಬರೀರಿ,” ಎಂದಳು ಅಕ್ಕ.

“ಅದನ್ನೂ ಹೇಳ್ಬೇಕೇನೇ?”

“ಹೇಳ್ಬೇಕ್ರಿ.”

ಮೆಕ್ಕೆಜೋಳ ಬಿಟ್ಟು ಜಗತ್ತಿನ ಯಾವ ವಸ್ತುವೂ ತಿಳಿಯದು ಎನ್ನುವ ಸಾಲಿಗೆ ಬಂದಾಗ ಭಾವ ಪೆನ್ನು ಕೆಳಗಿಟ್ಟು ಹೊರಗೆ ಹೋದರು. ತುಸು ಹೊತ್ತಿಗೆ ಬಂದು, ಬರೆದು, ಸಹಿ ಹಾಕಿದರು. ನಾನೂ ಹಾಕಿದೆ.

ಪರಿಶೀಲನೆ ಮುಗಿದು ಒಪ್ಪಿಗೆ ಬಂದ ದಿನ ಅಕ್ಕ ಎರಡನೆಯ ಯಂತ್ರಕ್ಕೆ ಶೆಡ್ಡಿನ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದಳು. ಭಾವನಿಗೆ ಮಾತ್ರ ಸಮಾಧಾನವಿಲ್ಲ.

“ನಮ್ಮ ಮಾಲನ್ನ ನಾವೇ ಅಷ್ಟು ಬೈದು ಬರ್ದೀವಿ. ಅದನ್ನ ಓದಿ ದುಡ್ಡು ಹಾಕ್ತಾರಂದ್ರೆ ಇವ್ರಿಗೆ ಯಾಪಾರ ಬರಂಗಿಲ್ಲ ಬಿಡಲೇ.”