ಎರಡು ಆರಾಮ

ಗೆಳೆಯರೇ, ಸೊಂಟದ ಕೀಲು ಬದಲಿಸಿಕೊಂಡ ಮೇಲೆ ದಿನಾ ವಾಕರ್ ಹಿಡಿದು ಮನೆಯೊಳಗೆ ಹತ್ತು ಸುತ್ತು ನಡೆಯಬೇಕು. ಇಂದು ನಾಲ್ಕು ಸುತ್ತು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಹುಸೇನಬಿ ಕಾಕಿ ಬಂದು ನನ್ನನ್ನು ಕುರ್ಚಿಯಲ್ಲಿ ಕೂಡಿಸಿಯೇ ಬಿಟ್ಟಳು. "ಯಾಕವಾ ಇಷ್ಟ ತ್ರಾಸ? ಆರಾಮ ಮಾಡು." ನನಗೂ ಅದೇ ಬೇಕಿತ್ತು.

ಗೋಕಾಕದಿಂದ ಬರುವ ಫಿಜಿಯೊಥೆರಪಿಸ್ಟ್ ಸವಿತಾ ಬಾಗಿಲಲ್ಲೇ ರೇಗಿದಳು. "ಹಿಂಗ ಆರಾಮ ಮಾಡಿದ್ರ ಇವ್ರಿಗೆ ಆರಾಮ ಆಗೂದಿಲ್ರಿ, ಕಾಕಿ!"

ನಮ್ಮ ಕಡೆ ವಿಶ್ರಾಂತಿಯೂ ಆರಾಮ, ವಾಸಿಯಾಗುವುದೂ ಆರಾಮ. ಕಾಕಿ, "ನಮ್ಮ ಅಮ್ಮಾ ಬಿದ್ದಾಗ ನಾವೆಲ್ಲಾ ಆರಾಮ ಮಾಡು ಅಂತನ ಅಂದ್ವಿ. ಅಕಿ ಹಾಸಿಗಿ ಬಿಟ್ಟು ಏಳಲೇ ಇಲ್ಲ," ಎಂದು ತಾನೇ ವಾಕರ್ ತಂದು ನನ್ನ ಮುಂದಿಟ್ಟಳು.

ಉಳಿದ ಆರು ಸುತ್ತು ಕಾಕಿಯೇ ಎಣಿಸಿದಳು. ಅವಳ ಆರು ನನ್ನ ಲೆಕ್ಕದಲ್ಲಿ ಎಂಟಾದವು. ಹೆಚ್ಚಿನ ಎರಡನ್ನೂ ನಡೆದೇ ಬಿಟ್ಟೆ.